ಅರಸರು ಬದಲಾದರು, ವತನ ಉಳಿಯಿತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆ 1686ರಲ್ಲಿ ಆದಿಲಶಾಹಿಗಳಿಂದ ಔರಂಗಜೇಬನ ಪಾಲಾಯಿತು. ಆಮೇಲೆ ನಿಜಾಮ, ಪೇಶ್ವೆ. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಇಂಗ್ಲಿಷರ ಹಿಡಿತ. ಊರ ಚಾವಡಿಯಲ್ಲಿ ಮಾತ್ರ ಅದೇ ಗೌಡ, ಅದೇ ಕುಲಕರ್ಣಿ, ಅವರ ಕೈಕೆಳಗೆ ಅದೇ ತಳವಾರ, ವಾಲೀಕಾರ. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬುದೆಲ್ಲ ಕುಲಕರ್ಣಿ ಬಟ್ಟೆ ಸುತ್ತಿಟ್ಟ ದಫ್ತರದಲ್ಲಿತ್ತು. ಅದು ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ದಂಡು ಕಟ್ಟಿಕೊಂಡು ಬಂದವನು ಕೋಟೆ ಗೆಲ್ಲಬಹುದಿತ್ತು, ಆ ದಫ್ತರ ಬಿಚ್ಚಿಸದೆ ಸಾರಾ, ಅಂದರೆ ಭೂಕಂದಾಯ, ಎತ್ತುವುದು ಆಗದ ಮಾತು. ನಿರಂಕುಶ ಆಳ್ವಿಕೆಯನ್ನು ಇಲ್ಲಿ ಮನೆಮನೆಗೆ ಮುಟ್ಟಿಸಿದ್ದು ಕತ್ತಿಗಿಂತ ಹೆಚ್ಚಾಗಿ ವತನ, ಅಂದರೆ ವಂಶಪಾರಂಪರ್ಯ ಊರ ಹುದ್ದೆ ಮತ್ತು ಅದಕ್ಕೆ ಅಂಟಿದ ಹೊಲ. 1824ರಲ್ಲಿ ದಿವಾಕರ ದೀಕ್ಷಿತ ಎಂಬಾತ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದು ಸಿಂದಗಿಯನ್ನು ಲೂಟಿ ಮಾಡಿ ಠಾಣೆ ಹೂಡಿದ; ಹೂಡಿದವನೇ ಕಂದಾಯ ವಸೂಲಿಗೆ ಏರ್ಪಾಡು ಮಾಡಿದ. ಬಂಡೆದ್ದವನಿಗೂ ರಾಜ್ಯವೆಂದರೆ ವಸೂಲಿಯೇ ಆಗಿತ್ತು.

ವತನದಾರ ದೊರೆಯ ಮುಂದೆ ರೈತರ ಪರ ನಿಲ್ಲುತ್ತಿದ್ದ, ಮಳೆ ಕೈಕೊಟ್ಟ ವರ್ಷ ಮಾಫಿ ಕೇಳುತ್ತಿದ್ದ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಆ ಆಸರೆ ಹೊಲವಿದ್ದವರಿಗೆ ಸಿಕ್ಕಷ್ಟು ಊರ ಹೊರಗಿನ ಕೇರಿಗೆ ಸಿಗಲಿಲ್ಲ. ಮುಂಬಯಿ ಸರಕಾರದ 1874ರ ವತನ ಕಾಯ್ದೆ ಕೆಳವತನದ ದಲಿತರನ್ನೂ ವಂಶಪಾರಂಪರ್ಯ ಚಾಕರಿಗೆ ಕಟ್ಟಿಹಾಕಿತು. ತುಂಡು ಹೊಲಕ್ಕಾಗಿ ಹಗಲುರಾತ್ರಿ ಸರಕಾರಿ ಓಡಾಟ! ಇದನ್ನು ತಿದ್ದಲು ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ.

ಬಾದಶಹರನ್ನೂ ಪೇಶ್ವೆಗಳನ್ನೂ ಇಪ್ಪತ್ತನೆಯ ಶತಮಾನದ ಬಲಪಂಥೀಯ ಸರ್ವಾಧಿಕಾರಿಗಳ ಸಾಲಿಗೆ ಸೇರಿಸುವುದು ತಪ್ಪು. ಪಕ್ಷ, ರೇಡಿಯೊ, ಗುಪ್ತ ಪೊಲೀಸರು ಇವರಿಗಿರಲಿಲ್ಲ. ಆದರೂ ಮೊದಲೇ ಬೇರೂರಿದ ಸಂಸ್ಥೆಗೆ ಅದರ ಹಕ್ಕು ಬಿಟ್ಟುಕೊಟ್ಟು ಅದರಿಂದ ಜನರ ಒಪ್ಪಿಗೆ ಪಡೆಯುವ ದಾರಿ ಇಬ್ಬರದೂ ಒಂದೇ. 1929ರಲ್ಲಿ ಇಟಲಿಯ ಮುಸೊಲಿನಿ, 1953ರಲ್ಲಿ ಸ್ಪೇನಿನ ಫ್ರಾಂಕೊ ಪೋಪರೊಂದಿಗೆ ಮಾಡಿಕೊಂಡ ಒಪ್ಪಂದಗಳಲ್ಲಿ ಅದೇ ಕಾಣುತ್ತದೆ. ಚಿಲಿಯ ಚರ್ಚು 1976ರಲ್ಲಿ ಅಲ್ಲಿನ ಸರ್ವಾಧಿಕಾರಿ ಪಿನೊಶೆಯಿಂದ ನೊಂದವರಿಗಾಗಿ ಕಚೇರಿಯನ್ನೇ ತೆರೆಯಿತಲ್ಲ ಎಂದು ಕೇಳಬಹುದು. ಅದರ ಅಸ್ತಿತ್ವ ಪಿನೊಶೆ ಕೊಟ್ಟದ್ದಾಗಿರಲಿಲ್ಲ, ಹಾಗಾಗಿ ಎದುರು ನಿಲ್ಲಲು ಸಾಧ್ಯವಾಯಿತು. ನಮ್ಮ ವತನದಾರನ ಸನದು, ಅಂದರೆ ಹಕ್ಕುಪತ್ರ, ಮಾತ್ರ ಪ್ರತಿ ಹೊಸ ದೊರೆಯ ಮುದ್ರೆಗೆ ಕಾದಿರುತ್ತಿತ್ತು. ಕೊನೆಗೆ ಆ ಹುದ್ದೆಗಳನ್ನು ತೆಗೆದುಹಾಕಿದ್ದು ಚುನಾಯಿತ ಶಾಸನಸಭೆಗಳು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಚಾವಡಿಯ ಅಧಿಕಾರ ಕಿತ್ತುಕೊಂಡಿತು. ಹೊಲವನ್ನು ಮಾತ್ರ ಹಣ ಕಟ್ಟಿಸಿಕೊಂಡು ಹಿಂದಿನ ವತನದಾರರಿಗೇ ಮರುಮಂಜೂರು ಮಾಡಿತು.