ರೋಗದ ಲೆಕ್ಕ: ಪ್ಲೇಗಿನಿಂದ ಕೋವಿಡ್‌ವರೆಗೆ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಗಂಟುರೋಗದ ಭಯ ಹೊಸದಲ್ಲ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ಪದ್ಧತಿಯನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ರೂಪಿಸಿದರು. ರೋಗ ಹರಡುವ ಮೊದಲೇ ಅದು ಎಲ್ಲಿದೆಯೆಂದು ತಿಳಿಯುವುದೇ ಇದರ ಗುಟ್ಟು. ಮನುಷ್ಯರ ವಿಷಯದಲ್ಲಿ ಇದೇ ಕೆಲಸವನ್ನು ದಾಖಲೆ, ದೂರವಾಣಿ, ಗಣಕಯಂತ್ರಗಳ ಮೂಲಕ ಮಾಡುವ ಶಾಸ್ತ್ರಕ್ಕೆ ಈಗ ಆರೋಗ್ಯ ಮಾಹಿತಿ ವಿಜ್ಞಾನವೆಂದು ಹೆಸರು. ಹೆಸರು ಹೊಸದಾದರೂ ನಮ್ಮ ನಾಡಿನಲ್ಲಿ ಕೆಲಸ ಹಳೆಯದು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ತಲುಪಿತು. ಆ ವರ್ಷ ನಗರದಲ್ಲಿ ದೂರವಾಣಿ ತಂತಿಗಳನ್ನು ಎಳೆದದ್ದು ವ್ಯಾಪಾರಕ್ಕಾಗಿ ಅಲ್ಲ, ಪ್ಲೇಗು ನಿವಾರಣೆಯ ಕೆಲಸವನ್ನು ಹೊಂದಿಸುವುದಕ್ಕಾಗಿ. ಇಂದು ಕೈಯಲ್ಲಿ ಮೊಬೈಲ್ ಹಿಡಿದಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ತಿಳಿಯಬೇಕು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದೂ ಆ ಕಾಲದಲ್ಲಿಯೇ. ಆದರೆ ಜನರಿಗೆ ರೋಗದಷ್ಟೇ ಭಯ ಪ್ಲೇಗಿನ ಶಿಬಿರಗಳದ್ದು. ರೋಗಿಗಳನ್ನು ಮನೆಯೊಳಗೆ ಬಚ್ಚಿಟ್ಟರು, ಸಾವನ್ನು ಮುಚ್ಚಿಟ್ಟರು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೇ ನಡೆಯಿತು. ಮನೆಯವರೇ ಬಾಯಿ ಬಿಡದಿದ್ದರೆ ದೂರವಾಣಿ ಏನು ಸುದ್ದಿ ಮುಟ್ಟಿಸೀತು?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಮಂಗಗಳ ಸಾವನ್ನು ವರದಿ ಮಾಡುವುದು ಅಲ್ಲಿ ಇಂದಿಗೂ ಮುನ್ಸೂಚನೆಯ ಸಾಧನ. 2004ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕವಿತ್ತು. ಆರೋಗ್ಯ ಕಾರ್ಯಕರ್ತೆಯಿಂದ ಒಂದು, ವೈದ್ಯರಿಂದ ಒಂದು, ಪ್ರಯೋಗಾಲಯದಿಂದ ಒಂದು, ಹೀಗೆ ವಾರಕ್ಕೆ ಮೂರು ಬಗೆಯ ನಮೂನೆಗಳು ಜಿಲ್ಲೆಗೆ ಹೋಗುತ್ತಿದ್ದವು.

2020ರಲ್ಲಿ ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಬಂತು. ಮಾರ್ಚ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಮೊದಲ ಪ್ರಕರಣಗಳು ಗೌರಿಬಿದನೂರಿನಲ್ಲಿ, ಮೆಕ್ಕಾ ಯಾತ್ರೆಯಿಂದ ಮರಳಿದವರಲ್ಲಿ ಕಂಡುಬಂದವು. ರಾಜ್ಯದ ದೈನಂದಿನ ಪ್ರಕಟಣೆಯಲ್ಲಿ ಸೋಂಕಿತರಿಗೆ ಹೆಸರಿಲ್ಲ, 'ಪಿ' ಅಕ್ಷರದ ಮುಂದೆ ಒಂದು ಸಂಖ್ಯೆ. ಯಾರಿಂದ ಯಾರಿಗೆ ಸೋಂಕು ತಗುಲಿತೆಂಬ ವಿವರ. ಸಂಪರ್ಕ ಪತ್ತೆಗೆ ಇದು ಒಳ್ಳೆಯ ಕ್ರಮವೇ ಸರಿ. ಆದರೆ ಸಣ್ಣ ಊರಿನಲ್ಲಿ ವಯಸ್ಸು, ಊರು, ಪ್ರಯಾಣ ಹೇಳಿದರೆ ಹೆಸರು ಹೇಳಿದಂತೆಯೇ. ಅದೇ ತಿಂಗಳು ಬೆಂಗಳೂರಿನಲ್ಲಿ ಗೃಹ ದಿಗ್ಬಂಧನದಲ್ಲಿದ್ದವರ ಮನೆ ವಿಳಾಸಗಳನ್ನೇ ಸರ್ಕಾರ ಪ್ರಕಟಿಸಿತು. ಅವರು ಗಂಟೆಗೊಮ್ಮೆ ತಮ್ಮ ಫೋಟೋ ತೆಗೆದು ಆ್ಯಪ್‌ನಲ್ಲಿ ಕಳುಹಿಸಬೇಕೆಂಬ ಆದೇಶವೂ ಬಂತು.

ಏಪ್ರಿಲ್‌ನಲ್ಲಿ ದೆಹಲಿ ಸರ್ಕಾರದ ಪ್ರಕಟಣೆಯಲ್ಲಿ ಮರ್ಕಜ್ ಮಸೀದಿಗೆಂದೇ ಪ್ರತ್ಯೇಕ ಅಂಕಣವಿತ್ತು. ದೆಹಲಿ ಅಲ್ಪಸಂಖ್ಯಾತರ ಆಯೋಗ ಆಕ್ಷೇಪಿಸಿತು. ಸೋಂಕಿತರನ್ನು ಧರ್ಮದ ಆಧಾರದಲ್ಲಿ ಗುರುತಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮೈಕೆಲ್ ರಯಾನ್ ಹೇಳಿದರು. ರೋಗ ಎಲ್ಲಿ ಹರಡಿತೆಂದು ತಿಳಿಸಬೇಕಾದ ಅಂಕಿ, ಯಾರ ಮೇಲೆ ತಪ್ಪು ಹೊರಿಸಬೇಕೆಂದು ತೋರಿಸತೊಡಗಿದರೆ ಜನ ಮತ್ತೆ 1898ರಂತೆ ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಆ ಬಾಗಿಲುಗಳನ್ನು ತಟ್ಟಿದವರು ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42 ಸಾವಿರ ಆಶಾಗಳು 2020ರಲ್ಲಿ ನಡೆದ ಮನೆ ಮನೆ ಸಮೀಕ್ಷೆಯಲ್ಲಿ ದುಡಿದರು. ಅದು ಸುಮಾರು 1.59 ಕೋಟಿ ಕುಟುಂಬಗಳನ್ನು ತಲುಪಿ ವೃದ್ಧರನ್ನೂ ಇತರ ಕಾಯಿಲೆ ಇರುವವರನ್ನೂ ಗುರುತಿಸಿತು. ನನ್ನ ಮಟ್ಟಿಗೆ, ಯಾವ ಆ್ಯಪ್‌ಗಿಂತಲೂ ಇದು ದೊಡ್ಡ ಮಾಹಿತಿ ಕಾರ್ಯ.

2021ರ ಮೇ ತಿಂಗಳಿನಿಂದ 18ರಿಂದ 44 ವಯಸ್ಸಿನವರಿಗೆ ಲಸಿಕೆ ಆರಂಭವಾದಾಗ ಕೋವಿನ್‌ನಲ್ಲಿ ಮುಂಗಡ ನೋಂದಣಿ ಕಡ್ಡಾಯ. ಈ ಡಿಜಿಟಲ್ ಅಂತರವನ್ನು ಸುಪ್ರೀಂ ಕೋರ್ಟ್ ಪ್ರಶ್ನಿಸಿತು. ಸರ್ಕಾರಿ ಕೇಂದ್ರಗಳಲ್ಲಿ ನೇರ ನೋಂದಣಿಗೆ ಮೇ ಕೊನೆಯ ವಾರದಲ್ಲಿ ಅವಕಾಶ ಸಿಕ್ಕಿತು. ಕೋವಿನ್ ಕನ್ನಡದಲ್ಲಿ ಬಂದದ್ದು ಜೂನ್‌ನಲ್ಲಿ. ಅಲ್ಲಿಯವರೆಗೆ, ನೂಲು ಬಿಚ್ಚಾಣಿಕೆಯ ಕೂಲಿಯವರ ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಮಗಳೋ ಮಗನೋ ಇದ್ದರೆ ಮಾತ್ರ ಆ ಪರದೆ ಅವರಿಗೆ ಅರ್ಥವಾಗುತ್ತಿತ್ತು.