ತಗಡು ಮುಗಿದು ಕಾಂಕ್ರೀಟ್ ಶುರುವಾಗೋ ಜಾಗ

ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೆ ಹೋಗಿ ಅಲ್ಲಿ ಎನ್‌ಎಚ್ 50 ಹತ್ತಿದರೆ (ಹಳಬರಿಗೆ ಅದು ಇನ್ನೂ 13ನೇ ನಂಬರ್ ಹೈವೇನೇ) ಚಿತ್ರದುರ್ಗದ ದಾರಿಯಲ್ಲಿ ಹಳ್ಳಗಳ ಮೇಲೆ ಸಣ್ಣಪುಟ್ಟ ಸೇತುವೆಗಳು ಸಿಗುತ್ತವೆ. ಹಳ್ಳದಲ್ಲಿ ನೀರಿರೋದು ಅಪರೂಪ, ಅದು ಬೇರೆ ಮಾತು :) ನಾನು ಹೇಳಹೊರಟಿದ್ದು ಸೇತುವೆಯ ಬಾಯಿ ಬಗ್ಗೆ. ಅಂದರೆ ರಸ್ತೆ ಬದಿಯ ತಗಡಿನ ಕ್ರ್ಯಾಶ್ ಬ್ಯಾರಿಯರ್ ಮುಗಿದು ಸೇತುವೆಯ ಕಾಂಕ್ರೀಟ್ ಗೋಡೆ ಶುರುವಾಗುವ ಜಾಗ.

ತಗಡಿನ ಕೆಲಸವೇ ಬಾಗುವುದು. ಗಾಡಿ ಬಡಿದಾಗ ಕಂಬ ವಾಲಿ, ತಗಡು ಹಿಂದಕ್ಕೆ ಸರಿದು ಪೆಟ್ಟನ್ನು ನುಂಗುತ್ತದೆ. ಕಾಂಕ್ರೀಟ್ ಅಲುಗುವುದಿಲ್ಲ. ಎರಡನ್ನೂ ಸುಮ್ಮನೆ ಅಕ್ಕಪಕ್ಕ ನಿಲ್ಲಿಸಿದರೆ, ಬಾಗಿದ ತಗಡು ಕಾರನ್ನು ನೇರ ಗೋಡೆಯ ತುದಿಗೆ ಒಯ್ದು ಒಪ್ಪಿಸುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇಂಟರ್‌ಫೇಸ್ ಬಗ್. ಎರಡೂ ಮಾಡ್ಯೂಲ್ ಪಾಸ್, ಜೋಡಿಸಿದರೆ ಫೇಲ್!

ಇಂಥ ರಸ್ತೆಬದಿಯ ಅಪಾಯಗಳ ಬಗ್ಗೆ ಅಮೆರಿಕದಲ್ಲಿ ಗಲಾಟೆ ಎಬ್ಬಿಸಿದವ ಇಂಜಿನಿಯರ್ ಅಲ್ಲ ಅನ್ನೋದೇ ನನಗೆ ಖುಷಿ ಕೊಟ್ಟ ವಿಷಯ. ಜೋಸೆಫ್ ಲಿಂಕೊ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವ. ಹೈವೇಗಳ ಬದಿಯಲ್ಲಿ ಕಂಡದ್ದನ್ನೆಲ್ಲ ಫೋಟೋ ತೆಗೆದು ಕೂಡಿಟ್ಟ. 1967ರಲ್ಲಿ ಕಾಂಗ್ರೆಸ್ ಸದಸ್ಯ ಜಾನ್ ಬ್ಲಾಟ್ನಿಕ್ ಅವರ ಉಪಸಮಿತಿ ವಿಚಾರಣೆ ನಡೆಸಿದಾಗ ಅವನ್ನೇ ಸಾಕ್ಷಿಯಾಗಿ ಮುಂದಿಟ್ಟ.

ಪರಿಹಾರ ಸರಳ. ಸೇತುವೆ ಹತ್ತಿರವಾದಂತೆ ಬ್ಯಾರಿಯರನ್ನು ಮೆಲ್ಲಗೆ ಗಟ್ಟಿ ಮಾಡುತ್ತಾ ಹೋಗುವುದು. 2 ಮೀಟರಿಗೊಂದಿದ್ದ ಕಂಬ 1 ಮೀಟರಿಗೆ, ಆಮೇಲೆ ಅದರ ಅರ್ಧಕ್ಕೆ. ತಗಡಿನ ಮೇಲೊಂದು ತಗಡು. ಕೊನೆಗೆ ತುದಿಯನ್ನು ಕಾಂಕ್ರೀಟಿಗೇ ಬೋಲ್ಟ್ ಹಾಕಿ ಬಿಗಿಯುವುದು. ಅಮೆರಿಕದ 1993ರ ಎನ್‌ಸಿಎಚ್‌ಆರ್‌ಪಿ 350 ನಿಯಮದಲ್ಲಂತೂ ಈ ಜೋಡಣೆಗೇ ಪ್ರತ್ಯೇಕ ಪರೀಕ್ಷೆ ಇತ್ತು: 2000 ಕೆಜಿ ಪಿಕಪ್ಪನ್ನು ಗಂಟೆಗೆ 100 ಕಿಮೀ ವೇಗದಲ್ಲಿ, 25 ಡಿಗ್ರಿ ಕೋನದಲ್ಲಿ ಗುದ್ದಿಸಿ ನೋಡುವುದು.

ನಮ್ಮಲ್ಲಿ ಬ್ಯಾರಿಯರ್‌ಗಳಿಗೆಂದೇ ಐಆರ್‌ಸಿ 119 ಬಂದದ್ದು 2015ರಲ್ಲಿ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿ ಸೇತುವೆಯ ಗೋಡೆಯ ತುದಿಗೆ ಕಾರು ಬಡಿದು ಸೈರಸ್ ಮಿಸ್ತ್ರಿ, ಜಹಾಂಗೀರ್ ಪಂಡೋಲೆ ತೀರಿಕೊಂಡರು. ಮೂರು ಲೇನ್ ರಸ್ತೆ ಅಲ್ಲಿ ಎರಡಾಗುತ್ತಿತ್ತು. ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶವೆಲ್ಲ ಮಾತಾಡಿತು, ಸರಿಯೇ. ಗೋಡೆಯ ಬಗ್ಗೆ ಆದ ಮಾತು ಕಮ್ಮಿ. ಆಮೇಲೆ ಅಲ್ಲಿ ಪೆಟ್ಟು ತಡೆಯುವ ಕ್ರ್ಯಾಶ್ ಕುಷನ್ ಹಾಕಿದರು.

ಮುಂದಿನ ಸಲ ಕೂಡ್ಲಿಗಿ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಸೇತುವೆಯ ಬಾಯಿ ನೋಡಿ. ಕಂಬಗಳು ಹತ್ತಿರ ಹತ್ತಿರ ಆಗುತ್ತವಾ? ತಗಡಿನ ತುದಿ ಗೋಡೆಗೆ ಬಿಗಿದಿದೆಯಾ, ಇಲ್ಲಾ ಒಂದಡಿ ಮೊದಲೇ ನಿಂತುಬಿಟ್ಟಿದೆಯಾ? ನಿಂತಿದ್ದರೆ ಲಿಂಕೊನ ಹಾಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.