ಪೆಟ್ರೋಲ್ ಟ್ಯಾಂಕಿನ ತುಕ್ಕು ನಿವಾರಣೆ (ಹಳೆಯ ಮೋಟಾರ್ ಸೈಕಲ್)

ಹಳೆಯ ಮೋಟಾರ್ ಸೈಕಲುಗಳ ಉಕ್ಕಿನ ಟ್ಯಾಂಕಿನ ಒಳಮೈಗೆ ಹಿಡಿದ ತುಕ್ಕನ್ನು, ತಗಡಿಗೂ ಹೊರಗಿನ ಬಣ್ಣಕ್ಕೂ ಧಕ್ಕೆಯಾಗದಂತೆ ತೆಗೆದು, ಅದು ಮತ್ತೆ ಹಿಡಿಯದಂತೆ ಕಾಪಾಡುವ ಕೆಲಸ. ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿ ಉಂಟಾಗುವ ಜಲಯುಕ್ತ ಆಕ್ಸೈಡೇ ತುಕ್ಕು. ಇದು ಸಡಿಲವೂ ರಂಧ್ರಮಯವೂ ಆದ ಪದರವಾದ್ದರಿಂದ ಅಡಿಯ ಲೋಹವನ್ನು ರಕ್ಷಿಸುವ ಬದಲು ತೇವವನ್ನು ಹಿಡಿದಿಟ್ಟುಕೊಂಡು ಸವೆತವನ್ನು ಮುಂದುವರಿಸುತ್ತದೆ. ಉದುರಿದ ತುಕ್ಕಿನ ಪುಡಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಕಟ್ಟಿ ಎಂಜಿನ್ನನ್ನು ನಿಲ್ಲಿಸುತ್ತದೆ.

ಕರ್ನಾಟಕದಲ್ಲಿ ಈ ಕೆಲಸ ಹೆಚ್ಚಾಗಿ ಬೇಕಾಗುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳಿಗೆ. 1960ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಇವು ಎರಡು ಹೊಡೆತದ ಎಂಜಿನ್ನುಗಳಾದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಿ ತುಂಬಬೇಕಾಗಿದ್ದು, ಆ ಆಯಿಲಿನ ತೆಳುಪದರವೇ ದಿನಬಳಕೆಯ ಗಾಡಿಯ ಟ್ಯಾಂಕನ್ನು ಒಂದು ಮಟ್ಟಿಗೆ ಕಾಯುತ್ತಿತ್ತು. ಗಾಡಿ ಮೂಲೆ ಸೇರಿದ ಮೇಲೆ ಈ ರಕ್ಷಣೆ ಉಳಿಯುವುದಿಲ್ಲ.

ಕುಮಟಾ ತಾಲ್ಲೂಕಿನ ಕಾಗಾಲದಂತಹ ಊರುಗಳಲ್ಲಿ ಸಮಸ್ಯೆ ಘಟ್ಟದ ಮೇಲಿನದಕ್ಕಿಂತ ತೀವ್ರವಾಗಿದೆ. ಅಘನಾಶಿನಿಯ ಅಳಿವೆಯ ಅಂಚಿನ ಈ ಊರಿನ ಎದುರು ದಡದ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುತ್ತಾರೆ. ಮಳೆ ವರ್ಷಕ್ಕೆ 3000 ಮಿ.ಮೀ. ಮೀರುತ್ತದೆ. ಕಡಲಗಾಳಿಯ ಉಪ್ಪು ಮುಖ್ಯವಾಗಿ ಹೊರಮೈಯನ್ನೂ ಬೆಸುಗೆಯ ಅಂಚುಗಳನ್ನೂ ತಿನ್ನುತ್ತದೆ. ಒಳಗಿನ ತುಕ್ಕಿಗೆ ಕಾರಣ ಬೇರೆ: ಹಗಲು ಬಿಸಿಯಾಗಿ ಹಿಗ್ಗಿದ ಆವಿ ಮುಚ್ಚಳದ ಸಣ್ಣ ಗಾಳಿರಂಧ್ರದಿಂದ ಹೊರಹೋಗಿ, ರಾತ್ರಿ ತಣಿದಾಗ ಹೊರಗಿನ ತೇವದ ಗಾಳಿ ಒಳಬಂದು ತಗಡಿನ ಮೇಲೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಚೌಕಟ್ಟಿನ ಕೊಳವೆ ಹಾಯಲು ಟ್ಯಾಂಕಿನ ನಡುಭಾಗವನ್ನು ಮೇಲಕ್ಕೆ ಮಡಿಸಿರುವುದರಿಂದ ಎರಡೂ ಪಕ್ಕದ ತಗ್ಗುಗಳಲ್ಲಿ ಅದು ನಿಲ್ಲುತ್ತದೆ, ತೂತು ಬೀಳುವುದೂ ಹೆಚ್ಚಾಗಿ ಅಲ್ಲಿಯೇ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಇರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎರಡೂ ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತವೆ.

ಪೆಟ್ರೋಲ್ ಬಸಿದು ಖಾಲಿ ಮಾಡಿದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಗಾಳಿಯೊಡನೆ ಬೆರೆತ ಆವಿ ಕಿಡಿ ತಾಗಿದರೆ ಸಿಡಿಯುತ್ತದೆ. ಆದ್ದರಿಂದ ಮೊದಲು ಸಾಬೂನು ನೀರಿನಿಂದ ಹಲವು ಬಾರಿ ತೊಳೆಯಬೇಕು. ಹಳೆಯ ಪೆಟ್ರೋಲ್ ಆರಿ ಕಟ್ಟಿದ ಅಂಟನ್ನೂ ಆಯಿಲಿನ ಜಿಡ್ಡನ್ನೂ ಈ ಹಂತದಲ್ಲೇ ತೆಗೆಯದಿದ್ದರೆ ಮುಂದೆ ಹಾಕುವ ಆಮ್ಲ ತುಕ್ಕನ್ನು ಮುಟ್ಟುವುದೇ ಇಲ್ಲ. ದಪ್ಪ ಹಕ್ಕಳೆಗಳನ್ನು ಉದುರಿಸಲು ಗ್ಯಾರೇಜುಗಳಲ್ಲಿ ಸಣ್ಣ ನಟ್ಟುಗಳನ್ನೋ ಜಲ್ಲಿಯನ್ನೋ ಹಾಕಿ ಕುಲುಕುವುದುಂಟು. ಎಣಿಸಿ ಹಾಕಿ ಎಣಿಸಿ ತೆಗೆಯುವುದು ಜಾಣತನ.

ಉಳಿದ ತುಕ್ಕನ್ನು ಕರಗಿಸಲು ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲವೇ ಮನೆಯ ಕೆಲಸಕ್ಕೆ ತಕ್ಕದ್ದು. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಲೆಕ್ಕದಲ್ಲಿ, 13 ಲೀಟರಿನ ಟ್ಯಾಂಕಿಗೆ ಸುಮಾರು 650 ಗ್ರಾಂ ಪುಡಿ ಸಾಕು. ಆಮ್ಲವು ಮಿಶ್ರಲೋಹದ ಪೆಟ್ರೋಲ್ ಕಾಕನ್ನು ತಿನ್ನುವುದರಿಂದ ಅದನ್ನು ಬಿಚ್ಚಿ ತೂತಿಗೆ ರಬ್ಬರ್ ಬಿರಡೆ ಹಾಕಿ, ದ್ರವವನ್ನು ಕತ್ತಿನವರೆಗೆ ತುಂಬಿ, ಒಂದು ರಾತ್ರಿ ಬಿಟ್ಟರೆ ಸಣ್ಣ ಗುಳ್ಳೆಗಳೆದ್ದು ನೀರು ಹಳದಿ ಮಿಶ್ರಿತ ಹಸಿರಿಗೆ ತಿರುಗುತ್ತದೆ, ಒಳಗಿನ ತಗಡು ಮಂಕು ಬೂದುಬಣ್ಣಕ್ಕೆ ಬರುತ್ತದೆ. ಚೆಲ್ಲಿದ ಹನಿಯನ್ನು ಕೂಡಲೇ ತೊಳೆಯದಿದ್ದರೆ ಬಣ್ಣದ ಮೇಲೆ ಕಲೆ ಉಳಿಯುತ್ತದೆ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕರಗಿಸುವುದರ ಜೊತೆಗೆ ಫಾಸ್ಫೇಟಿನ ತೆಳುಪದರವನ್ನೂ ಕೊಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಗಂಟೆಯೊಳಗೆ ಕೆಲಸ ಮುಗಿಸುವುದೇನೋ ನಿಜ. ಆದರೆ ಅದು ಒಳ್ಳೆಯ ತಗಡನ್ನೂ ತಿಂದು, ಮಡಿಕೆಗಳಲ್ಲಿ ಕ್ಲೋರೈಡನ್ನು ಬಿಟ್ಟುಹೋಗುತ್ತದೆ, ಕರಾವಳಿಯಲ್ಲಿ ಅದನ್ನು ಬಳಸುವುದು ತುಕ್ಕನ್ನು ಕರೆದು ಕೂರಿಸಿದಂತೆ.

ವಿದ್ಯುದ್ವಿಭಜನೆ, ಅಂದರೆ ದ್ರವದ ಮೂಲಕ ವಿದ್ಯುತ್ ಹರಿಸುವ ವಿಧಾನ, ಲೋಹವನ್ನು ತಿನ್ನುವುದಿಲ್ಲ. ವಾಷಿಂಗ್ ಸೋಡದ ನೀರು ತುಂಬಿ, ಟ್ಯಾಂಕನ್ನು 12 ವೋಲ್ಟಿನ ಚಾರ್ಜರಿನ ಋಣ ತುದಿಗೂ, ಒಳಗೆ ಎಲ್ಲಿಯೂ ತಾಗದಂತೆ ಇಳಿಬಿಟ್ಟ ಕಬ್ಬಿಣದ ಸರಳನ್ನು ಧನ ತುದಿಗೂ ಜೋಡಿಸುತ್ತಾರೆ. ಜಲಜನಕ ಹೊರಬರುವುದರಿಂದ ಬಯಲಿನಲ್ಲಿ ಮಾಡಬೇಕು. ಸ್ಟೇನ್‌ಲೆಸ್ ಸರಳು ವಿಷಕಾರಿ ಕ್ರೋಮಿಯಂ ಬಿಡುವುದರಿಂದ ಅದು ಸಲ್ಲದು. ಸರಳಿಗೆ ಮರೆಯಾದ ಮಡಿಕೆಗಳಲ್ಲಿ ಈ ವಿಧಾನ ಅಷ್ಟಾಗಿ ನಡೆಯದು.

ಕೆಲಸ ಕೆಡುವುದು ಸಾಮಾನ್ಯವಾಗಿ ಆಮ್ಲ ಚೆಲ್ಲಿದ ನಂತರದ ಅರ್ಧ ಗಂಟೆಯಲ್ಲಿ. ಬರಿದಾದ ಉಕ್ಕು ಕರಾವಳಿಯ ತೇವದಲ್ಲಿ ನಿಮಿಷಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ, ಅಡುಗೆ ಸೋಡದ ನೀರಿನಿಂದ ಆಮ್ಲವನ್ನು ತಟಸ್ಥಗೊಳಿಸಿ, ಶುದ್ಧ ನೀರಿನಲ್ಲಿ ತೊಳೆದು, ಕಂಪ್ರೆಸರಿನ ಗಾಳಿಯಿಂದ ಒಣಗಿಸಿ, ತಡಮಾಡದೆ ಪೆಟ್ರೋಲಿಗೆ ಬೆರೆಸುವ ಟು-ಟಿ ಆಯಿಲನ್ನೇ ಸುರಿದು ಎಲ್ಲ ಕಡೆಗೂ ಹೊರಳಿಸಬೇಕು. ಈ ಕೆಲಸವನ್ನು ಮಳೆಗಾಲದಲ್ಲಿ ಹಚ್ಚಿಕೊಳ್ಳದಿರುವುದೇ ಲೇಸು. ಒಳಗೆ ಎಪಾಕ್ಸಿ ಲೇಪ ಕೊಡುವುದು ಸಣ್ಣ ತೂತುಗಳಿದ್ದಾಗಿನ ಕೊನೆಯ ಉಪಾಯ. ಎಥನಾಲ್ ತಾಳದ ಲೇಪ ಪೊರೆಪೊರೆಯಾಗಿ ಎದ್ದರೆ ಅದನ್ನು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಕಷ್ಟ.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಟ್ಯಾಂಕನ್ನು ತುಂಬಿಸಿಡುವುದು ಹಳೆಯ ರೂಢಿ. ಎಥನಾಲ್ ಬೆರೆತ ಪೆಟ್ರೋಲಿನ ಕಾಲದಲ್ಲಿ ಅದನ್ನು ಪೂರ್ತಿ ಬಸಿದು ಒಳಗೆ ಆಯಿಲ್ ಸವರಿಡುವುದೇ ಹೆಚ್ಚು ಕ್ಷೇಮ.